ಹೆಸರಿನ ಮುಂದಿನ ಸ್ಟಾರ್

ಕೆಲಸವೇನೋ ಒಂದೇ ಸಾಲಿನದು. ನಮ್ಮ ಆಂಬ್ಯುಲೆನ್ಸ್ ಕರೆ ಕೇಂದ್ರದ ಡೇಟಾಬೇಸ್‌ನಲ್ಲಿ ಜನರ ಹೆಸರುಗಳ ನಡುವೆ ಸೇರಿಕೊಂಡಿರುವ ಚುಕ್ಕಿ, ಗೀಟು, ಸ್ಟಾರ್ ಎಲ್ಲವನ್ನೂ ಅಳಿಸಬೇಕು. ಸೋಮವಾರ ಬರುವ ಹೊಸ ಸಾಫ್ಟ್‌ವೇರ್‌ಗೆ ಅಕ್ಷರ ಬಿಟ್ಟು ಬೇರೇನೂ ಜೀರ್ಣವಾಗುವುದಿಲ್ಲವಂತೆ. ಕಂಪ್ಯೂಟರಿಗೆ ಕೊಡುವ ಇಂಥ ಆಜ್ಞೆಯನ್ನು ನಾನು ಚಹಾ ಆರುವುದರೊಳಗೆ ಬರೆದು ಮುಗಿಸುವವಳು.

"ಚುಕ್ಕಿ, ಗೀಟು ಹೋಗ್ಲಿ ಸಾರ್. ಸ್ಟಾರ್ ಮಾತ್ರ ತೆಗೆಯೋಕಾಗಲ್ಲ," ಎಂದೆ ಮ್ಯಾನೇಜರ್‌ಗೆ.

ಅವರು ಬಂದು ತಿಂಗಳೂ ಆಗಿರಲಿಲ್ಲ. "ಯಾಕಮ್ಮಾ, ಇದೇನು ಹೋಟೆಲ್ಲಾ, ಸ್ಟಾರ್ ಇರೋಕೆ?" ಎಂದು ತಮ್ಮ ಜೋಕಿಗೆ ತಾವೇ ನಕ್ಕರು.

ನಾನು ನಗದೆ ವಿವರಿಸಿದೆ. ಕರೆ ಬಂದೊಡನೆ ಆ ನಂಬರಿನವರ ಹೆಸರು, ವಿಳಾಸ ಪರದೆಯ ಮೇಲೆ ಮೂಡುತ್ತವೆ. ಆ ಕಡೆಯಿಂದ ದನಿ ಬಾರದಿದ್ದರೆ ಕರೆ ಕಡಿಯುವುದು ನಿಯಮ. ಫೋನ್ ಸಿಕ್ಕರೆ ಸಾಕು, ಮಕ್ಕಳು ಒತ್ತಿ ಆಡುತ್ತವೆ. ಆದರೆ ಮಾತೇ ಬಾರದವರು ಏನು ಮಾಡಬೇಕು? ಅದನ್ನು ಬರೆದಿಡಲು ಹಳೆಯ ಸಾಫ್ಟ್‌ವೇರ್‌ನಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ಫೋನಿನ ಮುಂದೆ ಕೂರುವ ಹೆಂಗಸರು ಅಂಥವರ ಹೆಸರಿನ ಮುಂದೆ ಒಂದು ಸ್ಟಾರ್ ಹಾಕತೊಡಗಿದರು. ಅದು ಅವರಲ್ಲಿ ಹಿರಿಯಳಾದ ದೊಡ್ಡಕ್ಕನ ಉಪಾಯ. ಸ್ಟಾರ್ ಕಂಡರೆ ದನಿಗೆ ಕಾಯುವ ಮಾತೇ ಇಲ್ಲ, ಗಾಡಿ ಹೊರಡಬೇಕು.

ಆ ಸ್ಟಾರ್‌ಗಳಲ್ಲಿ ಒಂದು ನಮ್ಮಪ್ಪನದು. ಗಂಟಲಿನ ಆಪರೇಷನ್ ಆದಮೇಲೆ ದನಿ ಹೋಯಿತು. ಮೊದಲೆಲ್ಲ ಅಪ್ಪ ಕೂಗಿದರೆ ಇಡೀ ಬೀದಿ ತಿರುಗಿ ನೋಡುತ್ತಿತ್ತು. ಈಗ ನನ್ನನ್ನು ಬೈಯಬೇಕಾದರೆ ತಟ್ಟೆಗೆ ಚಮಚ ಬಡಿಯುತ್ತಾರೆ. ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುತ್ತಾರೆ.

"ಹೊಸದ್ರಲ್ಲಿ ಒಂದು ಕಾಲಂ ಕೊಡ್ಸಿ ಸಾರ್, ಸ್ಟಾರನ್ನ ಅಲ್ಲಿಗೆ ಸಾಗಿಸ್ತೀನಿ."

"ಮುಂದಿನ ವರ್ಷ ನೋಡೋಣ."

"ಅಲ್ಲೀವರೆಗೆ?"

"ನಿಯಮ ಇದೆಯಲ್ಲಮ್ಮಾ, ಮಾತಾಡದಿದ್ರೆ ಕಟ್. ನಿಮ್ಮ ತಂದೆಯವರ ಹೆಸರೂ ಇದೆ ಅಂತ ಕೇಳ್ದೆ. ಸ್ವಂತ ವಿಷಯ ಆಫೀಸಿಗೆ ತರಬೇಡಿ."

ನನ್ನ ಪಿತ್ತ ನೆತ್ತಿಗೇರಿತು. ನೆಗಡಿ ಬಂತೆಂದು ಮೂಗು ಕೊಯ್ಯಲು ಹೊರಟವರ ಮುಂದೆ ಎಂಥ ನಾಜೂಕು? "ಸ್ವಂತ ವಿಷಯಾನೇ ಸಾರ್. ಇಲ್ಲಿಗೆ ಫೋನ್ ಮಾಡೋರೆಲ್ಲ ಯಾರಿಗೋ ಸ್ವಂತದವರೇ," ಎಂದೆ.

"ಸಂಜೆಯೊಳಗೆ ಅಕ್ಷರ ಬಿಟ್ಟು ಬೇರೇನೂ ಕಾಣಬಾರ್ದು. ಕಂಡ್ರೆ ಸೋಮವಾರ ನೀವೂ ಕಾಣಬೇಡಿ."

ನನ್ನ ಜಾಗಕ್ಕೆ ಬಂದು ಕುಳಿತೆ. ಸಿಟ್ಟಿನ ಜೊತೆಗೆ ಹೆದರಿಕೆಯೂ ಇತ್ತು. ಮನೆ ನಡೆಯುವುದು ನನ್ನ ಸಂಬಳದಲ್ಲೇ. ಆದರೆ 'ಅಕ್ಷರ ಬಿಟ್ಟು' ಎಂಬ ಮಾತು ತಲೆಯೊಳಗೆ ಕೊರೆಯುತ್ತಲೇ ಇತ್ತು. ಅಂದರೆ ಅಕ್ಷರ ಇರಬಹುದು ತಾನೇ? ಅಳಿಸುವ ಸಾಲಿಗೂ ಮೊದಲು ಇನ್ನೊಂದು ಸಾಲು ಬರೆದೆ: ಎಲ್ಲೆಲ್ಲಿ ಸ್ಟಾರ್ ಇದೆಯೋ ಅಲ್ಲೆಲ್ಲ 'ಮಾತು ಬಾರದವರು' ಎಂದು ತುಂಬಬೇಕು. ಅದು ಮುಗಿದ ಮೇಲೆ ಚುಕ್ಕಿ, ಗೀಟುಗಳನ್ನೆಲ್ಲ ಗುಡಿಸಿ ಹಾಕಿದೆ.

ಸೋಮವಾರ ಹೊಸ ಪರದೆ ನೋಡಿದವರೇ ಮ್ಯಾನೇಜರ್ ಫೋನಿನ ಕೋಣೆಗೆ ನುಗ್ಗಿದರು. ನಾನು ದೊಡ್ಡಕ್ಕನ ಪಕ್ಕದಲ್ಲೇ ನಿಂತಿದ್ದೆ.

"ಏನ್ರೀ ಇದು? ಹೆಸರಿನ ಜಾಗದಲ್ಲಿ ಪುರಾಣ ಬರೆದಿದ್ದೀರಾ?"

"ಎಲ್ಲಾ ಅಕ್ಷರಾನೇ ಸಾರ್. ಬೇಕಾದ್ರೆ ಎಣಿಸಿ ನೋಡಿ."

"ಈಗಲೇ ತೆಗೀರಿ!"

"ತೆಗೆಯಲ್ಲ. ನನ್ನನ್ನ ಬೇಕಾದ್ರೆ ತೆಗೀರಿ, ಅದನ್ನ ತೆಗೆಯಲ್ಲ."

ಅಷ್ಟರಲ್ಲಿ ದೊಡ್ಡಕ್ಕನ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ 'ಮಾತು ಬಾರದವರು' ಎಂದು ಮೂಡಿತು. ನಾನು ಪರದೆಯತ್ತ ಬಗ್ಗಿದೆ. ಅದರ ಪಕ್ಕದ ಹೆಸರು ಅಪ್ಪನದಲ್ಲ, ಯಾರೋ ಹೆಂಗಸಿನದು. ಅಪ್ಪನಲ್ಲವೆಂದು ಮನಸ್ಸು ಹಗುರಾದದ್ದಕ್ಕೆ ನನಗೇ ನಾಚಿಕೆಯಾಯಿತು. ದೊಡ್ಡಕ್ಕ ಆಗಲೇ ಗಾಡಿ ಹೊರಡಿಸುವ ಗುಂಡಿ ಒತ್ತಿ, ಸ್ಪೀಕರ್ ಹಾಕಿದ್ದಳು.

"ಗಾಡಿ ಹೊರಟಿದೆ ತಾಯಿ, ನಾನು ಲೈನಲ್ಲೇ ಇದ್ದೀನಿ. ಬಾಗಿಲು ತೆಗೆದಿದ್ರೆ ಫೋನ್ ಮೇಲೆ ಒಂದ್ಸಲ ತಟ್ಟಿ."

ಸ್ಪೀಕರ್‌ನಿಂದ ಉಸಿರಿನ ಸದ್ದೂ ಬರಲಿಲ್ಲ.

"ಯಾರೂ ಇಲ್ಲವಲ್ರೀ, ಕಟ್ ಮಾಡಿ!" ಎಂದರು ಮ್ಯಾನೇಜರ್.

ಸ್ಪೀಕರ್‌ನಲ್ಲಿ ಒಂದೇ ಒಂದು ಸಲ ತಟ್ಟಿದ ಸದ್ದು ಟಕ್ ಎಂದಿತು.

ದೊಡ್ಡಕ್ಕ ಕತ್ತೆತ್ತಿ ಅವರತ್ತ ನೋಡಿದಳು. "ಆಚೆ ನಡೀರಿ ಸಾರ್, ಇಲ್ಲೊಬ್ರು ಮಾತಾಡ್ತಿದ್ದಾರೆ."