ತಾಮ್ರದ ಟೊಪ್ಪಿಗೆ

ಚಕ್ಕಡಿಯಿಂದ ಇಳಿಸಿದ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಮೊದಲು ಹೊರಬಂದದ್ದು ವಾಸನೆ. ಒದ್ದೆ ಚರ್ಮ, ಹಳೆಯ ರಬ್ಬರು, ಜೊತೆಗೆ ಇನ್ನೇನೋ. ಶಿವವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಅದು ನೀರಿನ ತಳಕ್ಕಿಳಿಯುವವರು ತೊಡುವ ದಿರಿಸು. ದಪ್ಪ ಕ್ಯಾನ್ವಾಸಿನ ಅಂಗಿ, ಸೀಸದ ಬೂಟು, ಗಾಜಿನ ಕಿಟಕಿಗಳಿದ್ದ ತಾಮ್ರದ ದೊಡ್ಡ ಟೊಪ್ಪಿಗೆ. ಟೊಪ್ಪಿಗೆಯ ತುಂಬ ಹಸಿರು ಕಿಲುಬು.

ಧುಪದಾಳದ ಒಡ್ಡಿನಲ್ಲಿ ಕಾಲುವೆಗೆ ನೀರು ಬಿಡುವ ಒಂದು ಬಾಗಿಲು ತಳದಲ್ಲಿ ಸಿಕ್ಕಿಬಿದ್ದಿತ್ತು. ಅದನ್ನು ಬಿಡಿಸುವ ಗುತ್ತಿಗೆ ಹಿಡಿದವರು ಈ ದಿರಿಸನ್ನು ಮುಂಬಯಿಯಿಂದ ತರಿಸಿದ್ದರು. ಇಳಿಯಬೇಕಾದವನು ಶಿವವ್ವನ ಗಂಡ ದುರ್ಗಪ್ಪ. ಮುಂಬಯಿ ಬಂದರಿನಲ್ಲಿ ಕೆಲವು ವರ್ಷ ಇದೇ ಕೆಲಸ ಮಾಡಿ ಊರಿಗೆ ಮರಳಿದವನು. ಶಿವವ್ವ ಮದುವೆಗೆ ಮೊದಲು ಗೋಕಾಕದ ಭಾಂಡೆ ಅಂಗಡಿಯಲ್ಲಿ ಹಿತ್ತಾಳೆ ತಿಕ್ಕಿದ್ದಳು. ಹಾಗಾಗಿ ಟೊಪ್ಪಿಗೆ ಅವಳ ಮುಂದೆ ಬಂತು.

"ಲಗೂನ ತಿಕ್ಕಿ ಮುಗಸ್ರಿ. ನಾಳಿ ಇಳೀಬೇಕು," ಎಂದು ಹೇಳಿ ಗುತ್ತಿಗೆಯ ಮುಕಾದಮ ನೆರಳಿಗೆ ಹೋಗಿ ಕುಳಿತ.

ಹುಣಸೆಹುಳಿ, ಉಪ್ಪು, ಬೂದಿ. ಹಸಿರು ಕರಗಿ ಕೆಂಪು ತಾಮ್ರ ಮೇಲೆ ಬಂತು. ಟೊಪ್ಪಿಗೆಯ ಹಿಂದೆ, ಗಾಳಿಯ ಕೊಳವೆ ಕೂಡುವ ಬಾಯಿಯೊಳಗೆ, ಹಿತ್ತಾಳೆಯ ಪುಟ್ಟ ಬಿಲ್ಲೆಯೊಂದು ಕಿಲುಬಿನಿಂದ ಅಂಟಿಕೊಂಡಿತ್ತು.

"ಇದೇನ್ರಿ?"

"ಅದ ಜೀವಾ ಕಾಯೂದು," ಎಂದ ದುರ್ಗಪ್ಪ. "ಮ್ಯಾಲಿಂದ ಗಾಳಿ ಒಳಗ ಬಿಡತೈತಿ, ತಿರುಗಿ ಹೊರಗ ಹೋಗಗೊಡೂದಿಲ್ಲ. ಕೊಳವಿ ಹರದ್ರ ತಟ್ಟನ ಮುಚ್ಚಿಕೋಬೇಕು."

"ಮುಚ್ಚಿಕೊಳ್ಳಲಿಲ್ಲಂದ್ರ?"

ದುರ್ಗಪ್ಪ ಬೂಟಿನ ಪಟ್ಟಿ ಎಳೆದು ನೋಡತೊಡಗಿದ.

ಶಿವವ್ವ ಬಿಲ್ಲೆಯ ಸುತ್ತ ಕಡ್ಡಿಯಿಂದ ಕೆರೆದಳು. ಹಸಿರು ಕಿಲುಬಿನ ಜೊತೆ ಏನೋ ಎಳೆಯಾಗಿ ಬಂತು. ಮತ್ತೆ ಎಳೆದಳು. ಮನುಷ್ಯರ ಕೂದಲು. ಅರ್ಧ ನರೆತದ್ದು, ಬುಡದಲ್ಲಿ ಒಣಗಿದ ಕಪ್ಪು ಚೂರು ಹತ್ತಿಕೊಂಡದ್ದು. ಅವಳು ಅದನ್ನು ಗಂಡನತ್ತ ಚಾಚಿದಳು.

ದುರ್ಗಪ್ಪ ಅದನ್ನು ಅಂಗೈಯಲ್ಲಿ ಹಿಡಿದು ಮುಕಾದಮನ ಬಳಿ ಹೋದ. "ನನಕಿಂತ ಮೊದಲ ಇದನ್ನ ಯಾರ ಹಾಕ್ಕೊಂಡಿದ್ದರ್ರಿ?"

ಮುಕಾದಮ ಅಂಗೈಯತ್ತ ನೋಡಲೇ ಇಲ್ಲ. "ಯಾವನೋ ಒಬ್ಬಾಂವ. ಕೆಲಸ ಬಿಟ್ಟು ಊರಿಗೆ ಹೋದ."

"ಯಾವ ಊರಿಗ್ರಿ?"

"ನನಗೇನ ಗೊತ್ತೋ ಮಾರಾಯ. ನೀ ತಿಕ್ಕು."

ಸಂಜೆಯ ಹೊತ್ತಿಗೆ ಟೊಪ್ಪಿಗೆ ಮದುವೆಮನೆಯ ಹಂಡೆಯ ಹಾಗೆ ಹೊಳೆಯಿತು. ಆದರೆ ಕಿಲುಬು ಹೋದ ಮೇಲೆ ಬಿಲ್ಲೆಯ ಅಂಚು ಇಲಿ ಕಡಿದ ರೊಟ್ಟಿಯಂತೆ ಕಂಡಿತು. ದುರ್ಗಪ್ಪ ಕೊಳವೆ ಕೂಡುವ ಕಡೆಗೆ ಹೊರಗಿನಿಂದ ಬಾಯಿಟ್ಟು ಉಸಿರು ಎಳೆದು ನೋಡಿದ. ಬಿಲ್ಲೆ ತಡೆಯಬೇಕಿದ್ದ ಗಾಳಿ ತಡೆಯಿಲ್ಲದೆ ಬಂತು.

ಮರುದಿನ ಅವನು ಇಳಿಯುವ ಬದಲು ದಿರಿಸಿನೊಳಗೆ ಜೋಳದ ಒಣದಂಟಿನ ಕಣಕಿ ತುರುಕಿದ, ತೂಕಕ್ಕೆ ಉಸುಕಿನ ಚೀಲಗಳನ್ನಿಟ್ಟ. ಟೊಪ್ಪಿಗೆ ಬಿಗಿದು ಹಗ್ಗದಿಂದ ಒಡ್ಡಿನ ತಳಕ್ಕೆ ಇಳಿಬಿಟ್ಟ. ಶಿವವ್ವನ ತಮ್ಮ ಹನಮಂತ ಗಾಳಿ ಪಂಪಿನ ಚಕ್ರ ತಿರುಗಿಸುತ್ತಿದ್ದ. ದಿರಿಸು ತಳ ಮುಟ್ಟಿದ ಮೇಲೆ ಕೊಳವೆ ಹರಿದರೆ ಏನಾಗುತ್ತದೆಂದು ನೋಡಲು ದುರ್ಗಪ್ಪ ಅದನ್ನು ಪಂಪಿನಿಂದ ಬಿಚ್ಚಿದ.

ಕೊಳವೆಯ ಬಾಯಿಂದ ದೀರ್ಘವಾದ ನಿಟ್ಟುಸಿರಿನಂಥ ಸದ್ದು ಬಂತು. ಬಹಳ ಹೊತ್ತು ಬಂತು. ಆಮೇಲೆ ನಿಂತಿತು.

ಮೇಲೆಳೆದಾಗ, ಒಳಗಿನ ಗಾಳಿ ಹೊರಟುಹೋಗಿ ನೀರಿನ ಒತ್ತಡಕ್ಕೆ ಕ್ಯಾನ್ವಾಸು ಹಿಂಡಿದ ಬಟ್ಟೆಯಾಗಿತ್ತು. ಕಾಲು, ತೋಳು, ಎದೆಯಲ್ಲಿದ್ದ ಕಣಕಿಯೆಲ್ಲ ಟೊಪ್ಪಿಗೆಯೊಳಗೆ ನುಗ್ಗಿ ಗಾಜಿಗೆ ಒತ್ತಿಕೊಂಡಿತ್ತು. ಶಿವವ್ವ ಗಂಡನ ತೋಳು ಹಿಡಿದುಕೊಂಡಳು, ಬಿಡಲಿಲ್ಲ.

"ಅದು ಕಣಕಿ, ಮನಷ್ಯಾ ಅಲ್ಲ," ಎಂದ ಮುಕಾದಮ. "ಕೊಳವಿ ಯಾಕ ಹರೀತೈತಿ? ನೀ ಒಲ್ಲೆಂದ್ರ ಬ್ಯಾರೆಯವ್ರು ಇಳೀತಾರ. ಏನೋ ಹನಮಂತಾ, ಈಸಾಕ ಬರತೈತಿಲ್ಲ ನಿನಗ?"

ಹನಮಂತನಿಗೆ ಮದುವೆ ಗೊತ್ತಾಗಿತ್ತು. ಹೆಣ್ಣಿನ ಮನೆಯವರು ಅಲ್ಲೇ ಒಡ್ಡಿನ ಕೆಲಸಕ್ಕೆ ಬಂದಿದ್ದರು. ಅವನು ಅವರತ್ತ ಒಮ್ಮೆ ನೋಡಿ, "ಇಳೀತೇನ್ರಿ," ಎಂದುಬಿಟ್ಟ.

"ಸುಮ್ನಿರೋ ತಮ್ಮಾ!"

"ಅಕ್ಕಾ, ನೀ ನಡಬರಕ ಬರಬ್ಯಾಡ."

ಶಿವವ್ವ ಪಂಪಿನ ಬಾಜೂ ಬಿದ್ದಿದ್ದ ಸುತ್ತಿಗೆ ಎತ್ತಿಕೊಂಡು ಟೊಪ್ಪಿಗೆಯ ಹಿಂಬದಿಗೆ ಹೊಡೆದಳು. ಕೊಳವೆ ಕೂಡುವ ಬಾಯಿ ಸೊಟ್ಟಗಾಯಿತು. ಇನ್ನೊಂದು ಏಟಿಗೆ ಚಪ್ಪಟೆಯಾಯಿತು. ಮುಕಾದಮ ಕೈಯೆತ್ತಿ ಬಂದಾಗ ದುರ್ಗಪ್ಪ ನಡುವೆ ನಿಂತ.

ಅವತ್ತೇ ಮೂವರನ್ನೂ ಕೆಲಸದಿಂದ ತೆಗೆದರು. ಪಗಾರವೂ ಇಲ್ಲ. ಹನಮಂತ ಅಕ್ಕನ ಜೊತೆ ಮಾತು ಬಿಟ್ಟ. ದುರ್ಗಪ್ಪ, ಶಿವವ್ವ ಕೌಜಲಗಿಗೆ ಹೋಗಿ ಹೊಲದ ಕೂಲಿಗೆ ನಿಂತರು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಆ ಬಾಗಿಲನ್ನು ಹಾರೆ ಹಾಕಿ ಎಬ್ಬಿಸಿದರೆಂದು ಸುದ್ದಿ ಬಂತು. ಕೆಲವು ದಿನಕ್ಕೆ ಹನಮಂತ ತಾನಾಗಿಯೇ ಬಂದು ಅಕ್ಕನ ಮನೆಯ ಕಟ್ಟೆಯ ಮೇಲೆ ಕುಳಿತ. ಶಿವವ್ವ ಏನೂ ಕೇಳದೆ ರೊಟ್ಟಿ ಬಡಿದಳು.

ಉಣ್ಣುವಾಗ ಅವನು ಹೇಳಿದ: "ಆ ಟೊಪ್ಪಿಗಿ ದುರಸ್ತಿ ಮಾಡಸಾಕ ಸಂಕೇಶ್ವರದ ಕಡೆ ಒಯ್ದಾರಂತ, ಮಾಮಾ."

ದುರ್ಗಪ್ಪ ಮರುದಿನವೇ ಹೊರಟ. ಕೇಳುತ್ತ ಕೇಳುತ್ತ ಸಂಕೇಶ್ವರದ ಪೇಟೆಯಲ್ಲಿ ಆ ತಾಮ್ರದ ಕೆಲಸದವನನ್ನು ಹುಡುಕಿದ.

"ಹೌದ್ರಿ, ಬಾಯಿ ಹೊಸಾದು ಕೂಡಿಸಿ, ಫಳಫಳ ಹೊಳಿಯೂ ಹಂಗ ಮಾಡಿ ಕೊಟ್ಟೆ. ಮೊನ್ನೆ ಒಯ್ದ್ರು," ಎಂದ ಅವನು ಹೆಮ್ಮೆಯಿಂದ.

"ಒಳಗಿನ ಬಿಲ್ಲಿನೂ ಹೊಸಾದು ಹಾಕಿದ್ರೇನ್ರಿ?"

"ಯಾವ ಬಿಲ್ಲಿ? ಅದನ್ನ ಹಾಕಂತ ಹೇಳಲಿಲ್ಲ ಅವ್ರು."

"ಎಲ್ಲಿಗೆ ಒಯ್ದ್ರು?"

ಆತ ಕೈ ತಿರುಗಿಸಿದ. ಗೊತ್ತಿರಲಿಲ್ಲ.