ಮಂಗಳವಾರದ ಖಾಲಿ ಪುಟಗಳು

ಮೊನೆ ಸವೆಯುತ್ತಿದೆ, ಇನ್ನೆರಡು ನಿಮಿಷಕ್ಕೆ ಪೆನ್ಸಿಲ್ ಬದಲಿಸಬೇಕು, ಮಂತ್ರಿಗಳು ಇವತ್ತು ನಿಧಾನವಾಗಿ ಮಾತಾಡುತ್ತಿದ್ದಾರೆ, ಸದ್ಯ, ಗಡಿಯಲ್ಲಿ ಡೇರೆಯೊಳಗೆ ಮಲಗುವ ಸೈನಿಕರಿಗೆ ಗೋಡೆ ಬೇಕೋ ಬೇಡವೋ ನೀವೇ ಹೇಳಿ ಎನ್ನುತ್ತಿದ್ದಾರೆ, ಬೇಕು, ಬೇಡ ಅಂದವರು ಯಾರು, ಈ ಮಂತ್ರಿಗಳೂ ಹಿಂದೆ ಸೈನ್ಯದಲ್ಲಿದ್ದು ಆ ಡೇರೆಯಲ್ಲಿ ಎರಡು ಚಳಿಗಾಲ ಮಲಗಿದವರೇ — ನನ್ನ ಕೈ ಮಾತ್ರ ಬರೆಯುತ್ತಿದೆ, ಕೊಕ್ಕೆ, ಚುಕ್ಕೆ, ಓರೆಗೆರೆ, ಇಪ್ಪತ್ತೆರಡು ವರ್ಷದಿಂದ ಈ ಸದನದ ನಡುವಿನ ತಗ್ಗು ಮೇಜಿನಲ್ಲಿ ಕೂತು ಶೀಘ್ರಲಿಪಿ ಬರೆದೂ ಬರೆದೂ ಕೈ ಅದರ ಪಾಡಿಗೆ, ಮನಸ್ಸು ಅದರ ಪಾಡಿಗೆ. ಹತ್ತು ನಿಮಿಷಕ್ಕೊಂದು ಸರದಿ, ಆಮೇಲೆ ಪಕ್ಕದಲ್ಲಿ ಕಾಯುತ್ತಿರುವ ಗೆಳತಿ ಶುರುಮಾಡುತ್ತಾಳೆ. ಬೆಳಿಗ್ಗೆ ಮನೆಯಲ್ಲಿ ನನ್ನ ಗಂಡನಿಗೆ, ಇವರಿಗೆ, ತಿಂಡಿ ತಿನ್ನಿಸುವಾಗ ನಾನಾಗಿ ಏನೂ ಹೇಳಲಿಲ್ಲ, ಇವತ್ತು ನಿಮ್ಮ ಕೊಳದ ವಿಷಯ ಬರುತ್ತೆ, ಮಧ್ಯಾಹ್ನದೊಳಗೆ ಮತ ಹಾಕ್ತಾರೆ ಅಂತ. ಇವರಿಗೆ ಗೊತ್ತಿತ್ತು. ಯಾಕೇ, ಸರ್ಕಾರದ ಮುಖ ಮಾಡ್ಕೊಂಡಿದ್ದೀಯ, ಇನ್ನೊಂದು ತುತ್ತು ಕೊಡು ಅಂದರು. ಗಂಡನ ಬಾಯಿಗೆ ತುತ್ತಿಟ್ಟು ಇಲ್ಲಿಗೆ ಬಂದು, ಅವರ ಕೊಳ ಮುಚ್ಚುವ ಮಾತನ್ನು ಅದೇ ಕೈಯಿಂದ ಒಂದಕ್ಷರ ಬಿಡದೆ ಬರೆಯುವುದು, ಸಂಬಳಕ್ಕೆ.

ಆದ್ದರಿಂದ ನಿವೃತ್ತ ಯೋಧರ ಆಸ್ಪತ್ರೆಯ ಬಿಸಿನೀರಿನ ಕೊಳವನ್ನು ಮುಚ್ಚಿ ಆ ಅನುದಾನವನ್ನು ಗಡಿಯ ಸೈನಿಕರ ವಸತಿಗೃಹಗಳಿಗೆ ಕೊಡಲಾಗುವುದು, ಕಳೆದ ಇಡೀ ವರ್ಷ ಆ ಕೊಳವನ್ನು ಬಳಸಿದವರು ಹನ್ನೊಂದು ಜನ, ಸಭಾಧ್ಯಕ್ಷರೇ, ಕೇವಲ ಹನ್ನೊಂದು. ಕೈ ಬರೆಯಿತು, ಹನ್ನೊಂದು, ತಡವರಿಸಲೂ ಇಲ್ಲ ದರಿದ್ರ ಕೈ. ಎಲ್ಲಿಂದ ತಂದರು ಇದನ್ನು, ಮಂಗಳವಾರ ಒಂದೇ ದಿನ ಇಪ್ಪತ್ತಮೂರು ಜನ ಇಳಿಯುತ್ತಾರೆ, ಟವೆಲ್ಲು ಮಡಿಲಲ್ಲಿಟ್ಟುಕೊಂಡು ನಾನೇ ಬೆಂಚಿನ ಮೇಲೆ ಕೂತಿರುತ್ತೇನೆ, ಕ್ಲೋರಿನ್ ವಾಸನೆಗೆ ಕಣ್ಣುರಿ, ಪಕ್ಕದಲ್ಲಿ ತಮ್ಮನನ್ನು ಕರೆತರುವ ಅಕ್ಕ, ಮಗನನ್ನು ಕರೆತರುವ ಬಸ್ ಡ್ರೈವರು, ರಜೆ ಇಲ್ಲದವರು ಸುಳ್ಳು ಜ್ವರ ಹೇಳಿ ಬರುತ್ತಾರೆ. ಸೈನ್ಯದಲ್ಲಿ ಸಿಡಿಮದ್ದು ನಿಷ್ಕ್ರಿಯ ಮಾಡುವ ದಳದಲ್ಲಿದ್ದರು ಇವರು, ತುಕ್ಕು ಹಿಡಿದ ಒಂದು ಫಿರಂಗಿ ಗುಂಡು ಸಿಡಿಯಿತು, ಎರಡೂ ಮುಂಗೈ ಹೋದವು, ಸೊಂಟ ಮುರಿಯಿತು, ಸೊಂಟ ಮುರಿದವರಿಗೆ ಊರುಗೋಲು ಕೊಡುತ್ತಾರೆ, ಊರುಗೋಲು ಹಿಡಿಯಲು ಕೈ ಬೇಕು. ಹಾಗಾಗಿ ನೆಲದ ಮೇಲೆ ಇವರು ನನ್ನ ಹೆಗಲು ಬಿಟ್ಟು ನಡೆಯಲಾರರು, ಮಂಚದಿಂದ ಬಚ್ಚಲಿಗೆ ಹೋಗಲಾರರು. ನೀರಿನಲ್ಲಿ ನಡೆಯುತ್ತಾರೆ. ಎದೆಮಟ್ಟದ ನೀರಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು ಒಂದು ಗಳಿಗೆ ನಿಂತು, ಆಮೇಲೆ ಗೋಡೆ ಬಿಟ್ಟು, ಒಬ್ಬರೇ.

ವಿರೋಧ ಪಕ್ಷದ ಸಾಲಿನಿಂದ ಮೇಷ್ಟ್ರಮ್ಮ ಎದ್ದರು, ಹಿಂದೆ ಲೆಕ್ಕದ ಟೀಚರಾಗಿದ್ದವರು, ಸದನವೇ ಹಾಗೆ ಕರೆಯುವುದು, ಅಂಕಿ ಕಮ್ಮಿ ಅನ್ನಿಸುತ್ತೆ ಮಂತ್ರಿಗಳೇ, ಯಾವ ಆಧಾರ ಅಂದರು, ಮಂತ್ರಿಗಳು ಕಡತ ತಟ್ಟಿ ಆಸ್ಪತ್ರೆಯ ಹಾಜರಿ ಪುಸ್ತಕವೇ ಆಧಾರ, ಒಂದೊಂದು ಹೆಸರಿನ ಮುಂದೂ ಸಹಿ ಇದೆ ಅಂದರು, ಸಹಿ — ಅಯ್ಯೋ, ಸಹಿ. ಮಂಗಳವಾರ ಕೈ ಹೋದವರ ಸರದಿ, ಆ ಹನ್ನೊಂದು ಸಹಿ ಬೇರೆ ದಿನದವರದು. ಬಾಗಿಲಲ್ಲಿ ಗುಮಾಸ್ತರು ಆ ಪುಸ್ತಕ ತೆರೆದಿಟ್ಟುಕೊಂಡು ಕೂತಿರುತ್ತಾರೆ, ಪಾಪದ ಮನುಷ್ಯ, ಮೊದಲ ದಿನ ನಾನೇ ಪೆನ್ನಿಗೆ ಕೈಚಾಚಿದ್ದೆ, ಬೇಡಮ್ಮಾ, ರೋಗಿ ಸ್ವತಃ ಹಾಕ್ಬೇಕು, ನೀವು ಹಾಕಿದ್ರೆ ಕಳ್ಳಸಹಿ ಆಗುತ್ತೆ, ಹೆಬ್ಬೆಟ್ಟಾದ್ರೂ ಒತ್ತಿಸಿ ಅಂದು ಶಾಯಿಯ ಡಬ್ಬಿ ಮುಂದೆ ತಳ್ಳಿದರು, ಇವರು ಎರಡೂ ಮೋಟು ತೋಳು ಮುಂದೆ ಚಾಚಿ, ಯಾವುದು ಬೇಕೋ ನೀವೇ ಆರಿಸ್ಕೊಳ್ಳಿ ಸ್ವಾಮಿ ಅಂದರು. ಗುಮಾಸ್ತರ ಮುಖ ಕೆಂಪಾಯಿತು, ಹೋಗಿ ಹೋಗಿ, ನೀರು ಆರುತ್ತೆ ಅಂತ ಒಳಗೆ ಬಿಟ್ಟರು, ಸಾಲಿನಲ್ಲಿದ್ದವರೆಲ್ಲ ನಕ್ಕೆವು, ಅವತ್ತಿನಿಂದ ಅದೊಂದು ತಮಾಷೆ, ನಾನು ಸರ್ಕಾರಕ್ಕೆ ಕಾಣದ ಹಾಗೆ ನಡೀತೀನಿ ಕಣೇ ಎನ್ನುವುದು ಇವರು, ನಾನೂ ನಗುವುದು. ನಾಲ್ಕು ವರ್ಷ. ಪ್ರತಿ ವಾರ ಆ ಖಾಲಿ ಪುಟ ಕಣ್ಣಿಗೆ ಬಿದ್ದಿದೆ ನನಗೆ. ಬರೆದದ್ದಷ್ಟೇ ಉಳಿಯುತ್ತದೆ ಎಂದು ಹೊಸಬರಿಗೆ ಪಾಠ ಹೇಳುವವಳು ನಾನು, ಟವೆಲ್ಲು ಮಡಿಸುತ್ತ ಆ ಪುಟದ ಪಕ್ಕವೇ ನಡೆದುಹೋಗಿದ್ದೇನೆ.

ಸರದಿ ಮುಗಿಯಿತು, ಗೆಳತಿಯ ಪೆನ್ಸಿಲ್ ಓಡತೊಡಗಿತು, ನಾನೀಗ ಎದ್ದು, ಬರೆದದ್ದನ್ನು ಟೈಪ್ ಮಾಡಲು ಹೋಗಬೇಕು, ಏಳಲಿಲ್ಲ. ಎದ್ದು ಕೂಗಿದರೆ? ಕಡತದಿಂದ ತೆಗೆಯಿರಿ ಎನ್ನುತ್ತಾರೆ ಸಭಾಧ್ಯಕ್ಷರು, ಮಾತೂ ಹೋಯಿತು, ಕೆಲಸವೂ ಹೋಯಿತು, ಕೊಳವೂ ಹೋಯಿತು. ಬರೆದ ಹನ್ನೊಂದನ್ನು ತಿದ್ದಿದರೆ — ಛೀ, ಅದಾಗದು, ಮಂತ್ರಿ ಆಡಿದ್ದು ಹನ್ನೊಂದು, ಹನ್ನೊಂದೇ ಇರಲಿ. ಚೀಟಿ ಇದೆ. ಹೆಸರೋ ಅಂಕಿಯೋ ಸರಿಯಾಗಿ ಕೇಳದಿದ್ದರೆ, ಮಾತಾಡಿದವರಿಗೇ ಚೀಟಿ ಕಳಿಸಿ ಖಚಿತಪಡಿಸಿಕೊಳ್ಳಬಹುದು, ಅದು ನಮ್ಮ ಕೆಲಸದ್ದೇ ಪದ್ಧತಿ, ಮಂತ್ರಿಯಾದರೂ ಎದ್ದು ನಿಂತು ಉತ್ತರ ಹೇಳಬೇಕು. ನನಗೆ ಸರಿಯಾಗಿಯೇ ಕೇಳಿಸಿತ್ತಲ್ಲ. ಕೇಳಿಸಿತ್ತು, ಆದರೆ ಅರ್ಥವಾಗಿರಲಿಲ್ಲ, ಅದೂ ಖಚಿತವಾಗದ್ದೇ. ವಿಭಾಗದ ಯಜಮಾನರು ಗ್ಯಾಲರಿಯಿಂದ ನೋಡುತ್ತಿರುತ್ತಾರೆ, ಎರಡು ವರ್ಷದಲ್ಲಿ ನಿವೃತ್ತಿ ನಿಮಗೆ, ಸುಮ್ನೆ ಕೈ ಸುಟ್ಕೋಬೇಡಿ ಎನ್ನುತ್ತಾರೆ ಸಂಜೆ, ಎನ್ನಲಿ. ಹೊಸ ಪೆನ್ಸಿಲ್ ತೆಗೆದೆ. ಶೀಘ್ರಲಿಪಿ ಬೇಡ, ಎಲ್ಲರೂ ಓದುವ ಅಕ್ಷರ, ದುಂಡಗೆ. ಹನ್ನೊಂದು ಎಂದರೆ ಜನರೋ, ಸಹಿಗಳೋ? ಸಹಿ ಹಾಕಲು ಕೈಯಿಲ್ಲದವರ ಮಂಗಳವಾರದ ಸರದಿ ಇದರಲ್ಲಿ ಸೇರಿದೆಯೇ? ದಾಖಲೆಗಾಗಿ ದಯವಿಟ್ಟು ತಿಳಿಸಿ. ಕೆಳಗೆ ಸರದಿಯ ನಂಬರು ಹಾಕಿದರೆ ಸಾಕು, ಹಾಕಲಿಲ್ಲ, ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.

ಚೀಟಿಯಮ್ಮ ಬಂದರು, ನನಗಿಂತ ಮೊದಲಿನಿಂದ ಇಲ್ಲಿ ಕಾಗದ ಓಡಾಡಿಸುವ ಹೆಂಗಸು, ಮಡಿಸುವ ಮುಂಚೆ ಕಣ್ಣಾಡಿಸಿದರು, ಏನಮ್ಮಾ, ಹೆಸರು ಹಾಕಿದ್ದೀರಲ್ಲ, ಯಾರೂ ಹಾಕಲ್ಲ ಅಂದರು ಪಿಸುಗುಟ್ಟಿ. ಇರಲಿ, ಕೊಟ್ಟುಬಿಡಿ ಅಂದೆ. ಬೇಗ ಬೇಕಾ? ಮತಕ್ಕೆ ಮುಂಚೆ. ಅವರು ಚೀಟಿ ಮಡಿಸಿಕೊಂಡು, ಆ ಮಂಡಿನೋವಿನಲ್ಲೂ ಎರಡೆರಡು ಮೆಟ್ಟಿಲು ಹತ್ತಿದರು. ಮತಕ್ಕೆ ಹಾಕೋಣವೇ ಎಂದು ಸಭಾಧ್ಯಕ್ಷರು ಕೇಳುತ್ತಿದ್ದಾರೆ, ಮಂತ್ರಿಗಳು ಚೀಟಿ ಬಿಡಿಸುತ್ತಿದ್ದಾರೆ, ಕನ್ನಡಕ ಹಾಕಿದರು, ಓದಿದರು, ಮತ್ತೆ ಮೊದಲಿನಿಂದ ಓದಿದರು, ಕಾರ್ಯದರ್ಶಿಯತ್ತ ತಿರುಗಿ ಏನೋ ಕೇಳಿದರು, ಕಾರ್ಯದರ್ಶಿ ಕಡತ ಮಗುಚಿ ಹಾಕುತ್ತಿದ್ದಾರೆ, ಮೇಷ್ಟ್ರಮ್ಮನ ಕತ್ತು ಅತ್ತ ನೀಳವಾಗಿದೆ. ಮಂತ್ರಿಗಳು ತಲೆಯೆತ್ತಿ ಕೆಳಗೆ ನೋಡಿದರು, ಇಪ್ಪತ್ತೆರಡು ವರ್ಷದಲ್ಲಿ ಯಾರೂ ಈ ಮೇಜಿನತ್ತ ನೋಡಿದ್ದಿಲ್ಲ, ನಾನು ಕಣ್ಣು ತಗ್ಗಿಸಲಿಲ್ಲ, ನೋಡಿ, ನಾನೇ. ಎದ್ದು ನಿಂತರು. ಸಭಾಧ್ಯಕ್ಷರೇ, ಒಂದು ನಿಮಿಷ, ನಾನು ಹೇಳಿದ ಅಂಕಿಯ ಬಗ್ಗೆ — ಅಷ್ಟಕ್ಕೇ ನಿಂತರು. ಗೆಳತಿಯ ಪೆನ್ಸಿಲ್ ಕಾಗದದಿಂದ ಒಂದು ಕೂದಲೆಳೆ ಮೇಲೆ ನಿಂತಿದೆ, ಮುಂದಿನ ಮಾತು ಅವರ ಬಾಯಲ್ಲಿದೆ, ಇನ್ನೂ ಬಂದಿಲ್ಲ, ನನಗೆ ನೀರು ಕಾಣುತ್ತಿದೆ, ಎದೆಮಟ್ಟದ ನೀರು, ಇವರ ಬೆನ್ನು ಗೋಡೆಯಿಂದ ಬೇರ್ಪಡುತ್ತಿದೆ, ಎರಡು ಮೋಟು ತೋಳು ಅಗಲವಾಗಿ ನೀರಿನ ಮೇಲೆ, ಬೆನ್ನಿಗೂ ಗೋಡೆಗೂ ನಡುವೆ ಒಂದು ಗೇಣು ನೀರು, ಒಂದು ಗೇಣು,