ಕೊಡವುವ ಚೀಟಿ

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ ನೆಲಮಾಳಿಗೆಯಲ್ಲಿತ್ತು. ಮೇಲಿನ ನಾಲ್ಕು ಅಂತಸ್ತಿನಲ್ಲಿ ಯಾರು ಹೆತ್ತರೂ, ಯಾರು ಸತ್ತರೂ, ಅವರು ಮಲಗಿದ್ದ ಚಾದರ ಇಲ್ಲಿಗೇ ಬಂದು ಬೀಳುತ್ತಿತ್ತು. ರಕ್ತ, ಕೀವು, ವಾಂತಿ. ಜೊತೆಗೆ ಯಾರೋ ಅವಸರದಲ್ಲಿ ಮಡಿಕೆಯೊಳಗೆ ಬಿಟ್ಟ ಸೂಜಿ, ಬ್ಲೇಡು. ಒಮ್ಮೆ ಹಲ್ಲಿನ ಸೆಟ್ಟೂ ಬಂದಿತ್ತು. ಅದಕ್ಕೇ ಯಂತ್ರಕ್ಕೆ ಹಾಕುವ ಮೊದಲು ಇಬ್ಬರು ಹೆಂಗಸರು ಚಾದರದ ಎರಡು ತುದಿ ಹಿಡಿದು ತಗಡಿನ ಮೇಜಿನ ಮೇಲೆ ಕೊಡವುತ್ತಿದ್ದರು. ಟಣ್ ಎಂದರೆ ಸೂಜಿ. ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ, ಚುಚ್ಚಿಸಿಕೊಂಡು ಕಲಿತದ್ದು.

ಕೋಣೆಗೆ ಹಿರಿಯಳು ದೊಡ್ಡಕ್ಕ. ಇಪ್ಪತ್ತೊಂದು ವರ್ಷದ ಸರ್ವೀಸು. ಕೊಡವುವ ಇಬ್ಬರಲ್ಲಿ ಒಬ್ಬಳು ಅವಳ ನಾದಿನಿ. ಗಂಡ ತೀರಿಹೋದ ಮೇಲೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬಂದವಳನ್ನು ದೊಡ್ಡಕ್ಕನೇ ಅವರಿವರ ಕೈಕಾಲು ಹಿಡಿದು ಕೆಲಸಕ್ಕೆ ಸೇರಿಸಿದ್ದಳು.

ಕೈಗವಸು ಬೇಕೆಂದು ಅರ್ಜಿ ಕೊಟ್ಟು ಹದಿನಾಲ್ಕು ತಿಂಗಳಾಗಿತ್ತು. ಕೈಗವಸು ಬರಲಿಲ್ಲ. ತರಬೇತಿ ಬಂತು.

'ಮಿಶ್ರ ಯೋಜನಾ ನಿರ್ವಹಣೆ, ಕಾರ್ಯವಿಧಾನ ನಕ್ಷೆ ಮತ್ತು ಸಾಂಸ್ಥಿಕ ಬದಲಾವಣೆ' ಎಂದು ಸಭಾಂಗಣದ ಬಾಗಿಲಿಗೆ ಕಟ್ಟಿದ ಬಟ್ಟೆಯ ಮೇಲೆ ಬರೆದಿತ್ತು. ಆ ಬಟ್ಟೆಗೆ ಇಸ್ತ್ರಿ ಹಾಕಿದ್ದೂ ನೆಲಮಾಳಿಗೆಯವರೇ. ಮೂರು ದಿನದ ಪಾಠ. ಕಲಿಸಲು ಬಂದವರು ಜೇಬಿನ ತುಂಬ ಹಳದಿ ಚೀಟಿ ಇಟ್ಟುಕೊಂಡಿದ್ದರು. ಮೊದಲ ಗಂಟೆಯಲ್ಲೇ ಅವರಿಗೆ ಚೀಟಿ ಮೇಷ್ಟ್ರು ಎಂದು ನಾಮಕರಣವಾಯಿತು.

"ಮಿಶ್ರ, ಹೈಬ್ರಿಡ್ ಅಂದ್ರೆ ಏನ್ ಗೊತ್ತಾ? ಅರ್ಧ ಯೋಜನೆ ಮೊದಲೇ ಗಟ್ಟಿ. ಇನ್ನರ್ಧ ಹೋಗ್ತಾ ಹೋಗ್ತಾ ಬದಲಾಗುತ್ತೆ."

"ಗಟ್ಟಿ ಇರೋ ಅರ್ಧ ಯಾರ್ದು ಸಾರ್? ಬದಲಾಗೋ ಅರ್ಧ ಯಾರ್ದು?" ಎಂದಳು ಇಸ್ತ್ರಿಯವಳು.

"ಒಳ್ಳೇ ಪ್ರಶ್ನೆ!" ಎಂದು ಮೇಷ್ಟ್ರು ಪರದೆಯ ಮೇಲಿನ ಮುಂದಿನ ಚಿತ್ರಕ್ಕೆ ಹೋದರು. ಒಳ್ಳೆಯ ಪ್ರಶ್ನೆಗೆ ಉತ್ತರ ಕೊಡಬಾರದೆಂದು ಅವರ ಶಾಸ್ತ್ರದಲ್ಲಿ ಬರೆದಿರಬೇಕು.

ಎರಡನೇ ದಿನ ಎಲ್ಲರ ಕೈಗೂ ಚೀಟಿ ಕೊಟ್ಟರು. "ನಿಮ್ಮ ಕೆಲಸ ನಿಮಗಿಂತ ಚೆನ್ನಾಗಿ ಯಾರಿಗಮ್ಮಾ ಗೊತ್ತು? ಒಂದು ಹೆಜ್ಜೆಗೆ ಒಂದು ಚೀಟಿ. ಬರೆದು ಗೋಡೆಗೆ ಅಂಟಿಸಿ. ಏನೂ ಮುಚ್ಚಿಡಬೇಡಿ."

ದೊಡ್ಡಕ್ಕ ಚೀಟಿಗಳನ್ನು ಮಡಿಲಿಗೆ ಎಳೆದುಕೊಂಡಳು. ಇಪ್ಪತ್ತೊಂದು ವರ್ಷದಲ್ಲಿ 'ನೀನು ಏನು ಮಾಡುತ್ತೀ' ಎಂದು ಕೇಳಿದವರಲ್ಲಿ ಇವರೇ ಮೊದಲಿಗರು. ಅವಳು ಶಾಲೆಯ ಹುಡುಗಿಯಂತೆ ನಾಲಿಗೆ ಕಚ್ಚಿಕೊಂಡು, ದುಂಡಗೆ, ಇಪ್ಪತ್ತಮೂರು ಚೀಟಿ ಬರೆದಳು. ನಾಲ್ಕನೆಯದು ಹೀಗಿತ್ತು: 'ಚಾದರ ಕೊಡವುವುದು. ಇಬ್ಬರು. ರಾಶಿಗೆ ಅರ್ಧ ಗಂಟೆ.' ಗೋಡೆಯ ಮೇಲೆ ತನ್ನ ಆಯುಸ್ಸೇ ಸಾಲಾಗಿ ನಿಂತದ್ದನ್ನು ನೋಡಿ ಅವಳಿಗೆ ಹೆಮ್ಮೆಯಾಯಿತು. ತನ್ನ ತಲೆ ಮೇಲೆ ತಾನೇ ಚಪ್ಪಡಿ ಎಳೆದುಕೊಂಡದ್ದು ಆಗ ತಿಳಿಯಲಿಲ್ಲ.

ಮೂರನೇ ದಿನ ಮೇಷ್ಟ್ರು ಕೆಂಪು ಪೆನ್ನು ಹಿಡಿದು ಬಂದರು. ಪಕ್ಕದಲ್ಲಿ ಆಡಳಿತದ ಸಾಹೇಬರು. ಪ್ರತಿ ಚೀಟಿಗೂ ಒಂದೇ ಪ್ರಶ್ನೆ.

"ಈ ಹೆಜ್ಜೆ ತೆಗೆದ್ರೆ ರೋಗಿಗೆ ಗೊತ್ತಾಗುತ್ತಾ?"

ನಾಲ್ಕನೇ ಚೀಟಿ ಬಂತು. ದೊಡ್ಡಕ್ಕ ಎದ್ದು ನಿಂತಳು. "ರೋಗಿಗೆ ಗೊತ್ತಾಗಲ್ಲ ಸಾರ್, ಆದ್ರೆ ನಮಗೆ..."

"ರೋಗಿಗೆ ಗೊತ್ತಾಗಲ್ಲ. ಅಂದ್ರೆ ದಂಡ." ಕೆಂಪು ಚುಕ್ಕೆ ಬಿತ್ತು. ಚೀಟಿ ಕಸದ ಬುಟ್ಟಿಗೆ ಹೋಯಿತು. ಸಾಹೇಬರು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರಿಗೂ ಬಣ್ಣದ ಪ್ರಮಾಣಪತ್ರ ಸಿಕ್ಕಿತು. ದೊಡ್ಡಕ್ಕ ಹೊರಡುವಾಗ ಬುಟ್ಟಿಗೆ ಕೈಹಾಕಿ ತನ್ನ ಚೀಟಿ ಎತ್ತಿಕೊಂಡಳು. ಕೈಯಾರೆ ಬರೆದದ್ದನ್ನು ಕಸಕ್ಕೆ ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ಮರುದಿನ ನೋಟೀಸು ಅಂಟಿಸಿದರು. ಮುಂದಿನ ಒಂದನೇ ತಾರೀಖಿನಿಂದ ಕೊಡವುವ ಇಬ್ಬರನ್ನು 'ಬಿಡುಗಡೆ' ಮಾಡಲಾಗಿದೆ. ಅಲ್ಲಿಯವರೆಗೆ ಅವರು ಅಂಗಳ ಗುಡಿಸಲಿ. ಬಿಡುಗಡೆಯಂತೆ! ಜೈಲಿನಲ್ಲಿ ಇದ್ದವರ ಹಾಗೆ.

ನಾದಿನಿ ಪೊರಕೆ ಹಿಡಿದು ನಿಂತಿದ್ದಳು. "ಅತ್ತಿಗೆ, ನನ್ನ ಹೆಸರು ನೀನೇ ಬರ್ಕೊಟ್ಟೆಯಂತೆ?"

"ಹೆಸರು ಬರೀಲಿಲ್ಲ ಕಣೇ. ಕೆಲಸ ಬರೆದೆ."

"ನಮ್ಮಂಥೋರಿಗೆ ಎರಡೂ ಒಂದೇ ಅಲ್ವಾ?"



ಕೊಡವುವುದು ನಿಂತ ನಾಲ್ಕನೇ ದಿನ, ಯಂತ್ರದಿಂದ ಚಾದರ ಎಳೆಯುತ್ತಿದ್ದಾಗ ದೊಡ್ಡಕ್ಕನ ಬಲ ಹೆಬ್ಬೆರಳ ಬುಡಕ್ಕೆ ಸೂಜಿ ಇಳಿಯಿತು. ಮೇಲಿನ ಡಾಕ್ಟರಮ್ಮ ಗಾಯ ತೊಳೆದು, ರಕ್ತ ತೆಗೆದುಕೊಂಡು, ಮಾತ್ರೆ ಕೊಟ್ಟರು. "ಮೂರು ತಿಂಗಳು ಬಿಟ್ಟು ಇನ್ನೊಂದ್ಸಲ ರಕ್ತ ನೋಡ್ಬೇಕು. ಅಲ್ಲೀವರೆಗೆ ಏನೂ ಹೇಳೋಕಾಗಲ್ಲಮ್ಮ."

ದೊಡ್ಡಕ್ಕ ಪಟ್ಟಿ ಕಟ್ಟಿದ ಕೈ ಹಿಡಿದು ಸಾಹೇಬರ ಕೋಣೆಗೆ ಹೋದಳು. ಸಾಹೇಬರು ಹೊಸ ನಕ್ಷೆಯನ್ನು ಮೇಲಿಂದ ಕೆಳಗೆ ನೋಡಿದರು. "ಇದ್ರಲ್ಲಿ ಸೂಜಿ ಅನ್ನೋದು ಎಲ್ಲೂ ಇಲ್ವಲ್ಲಮ್ಮ?"

"ಕೈಲಿತ್ತು ಸಾರ್. ಕೈಗವಸಿನ ಅರ್ಜಿ ಏನಾಯ್ತು?"

"ಅದು ಪ್ರಕ್ರಿಯೆಯಲ್ಲಿದೆ."

ಅವಳು ಬಾಗಿಲವರೆಗೆ ಹೋಗಿ ನಿಂತಳು. ಪ್ರಕ್ರಿಯೆಯೇ? ಹಾಗಿದ್ದರೆ ಅದಕ್ಕೂ ನಕ್ಷೆ ಬರೆಯಬಹುದು. ಅವಳ ಹತ್ತಿರ ಪ್ರಮಾಣಪತ್ರವೇ ಇತ್ತು.

ಉಳಿದ ಹಳದಿ ಚೀಟಿಗಳು ಸಭಾಂಗಣದಲ್ಲಿ ದೂಳು ತಿನ್ನುತ್ತಿದ್ದವು. ಅವನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು. ಊಟದ ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಕೇಳಿದಳು. ಅರ್ಜಿ ಒಯ್ದ ಜವಾನ ಎರಡು ಹೆಜ್ಜೆ ಹೇಳಿದ, ಟೈಪಿಸ್ಟು ಐದು, ಉಗ್ರಾಣದವನು ಮೂರು, ಉಳಿದದ್ದು ಮಿಕ್ಕವರು. ದೊಡ್ಡ ಡೈರೆಕ್ಟರು ಎಂದೋ ಸಹಿ ಹಾಕಿದ್ದು ಆಗ ಗೊತ್ತಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ.

"ನಂದೂ ಒಂದ್ ಅರ್ಜಿ ಸಾಹೇಬ್ರ ಮೇಜಲ್ಲೇ ಬಿದ್ದಿದೆ ಅಕ್ಕಾ, ರಜೆದು," ಎಂದ ಜವಾನ. "ನಂದು ಕುರ್ಚಿದು," ಎಂದಳು ಟೈಪಿಸ್ಟು. ತಮ್ಮ ತಮ್ಮ ಹಣೆಬರಹವೆಂದುಕೊಂಡಿದ್ದವರಿಗೆ, ಎಲ್ಲರ ಹಣೆಬರಹವೂ ಒಂದೇ ಮೇಜಿನ ಖಾನೆಯಲ್ಲಿರುವುದು ಕಂಡಿತು.

'ಬದಲಾವಣೆ' ನೋಡಲು ಡೈರೆಕ್ಟರು, ಚೀಟಿ ಮೇಷ್ಟ್ರು, ಸಾಹೇಬರು ನೆಲಮಾಳಿಗೆಗೆ ಇಳಿದ ದಿನ, ಗೋಡೆಯ ಮೇಲೆ ಹತ್ತೊಂಬತ್ತು ಚೀಟಿಗಳಿದ್ದವು. 'ಸಾಹೇಬರು ನೋಡಿದರು. ಸಾಹೇಬರು ಮತ್ತೆ ನೋಡಿದರು. ಸಾಹೇಬರು ರಜೆ. ಅರ್ಜಿಯ ಮೇಲೆ ಟೀ ಚೆಲ್ಲಿತು. ಹೊಸ ಅರ್ಜಿ ಬರೆಯಿರಿ. ಕೈಯ ಅಳತೆ ಕೊಡಿ. ಎಡಗೈಯೋ ಬಲಗೈಯೋ ತಿಳಿಸಿ.'

ನಕ್ಷೆ ಕಂಡರೆ ಮೇಷ್ಟ್ರಿಗೆ ಕೈ ಸುಮ್ಮನಿರದು. ಯಾರದೆಂದು ಕೇಳದೆ ಕೆಂಪು ಪೆನ್ನು ತೆಗೆದರು. "ಅಯ್ಯೋ, ಹನ್ನೊಂದು ಹೆಜ್ಜೆ ಒಂದೇ ಮೇಜಲ್ಲಿ! ದಂಡ, ದಂಡ, ದಂಡ..." ಏಳು ಚುಕ್ಕೆ ಇಟ್ಟ ಮೇಲೆ ಸಾಹೇಬರ ಮುಖ ನೋಡಿದರು. ಪೆನ್ನಿಗೆ ಮುಚ್ಚಳ ಬಿತ್ತು.

"ಈ ಮೇಜು ತೆಗೆದ್ರೆ ರೋಗಿಗೆ ಗೊತ್ತಾಗುತ್ತಾ ಸಾರ್?" ದೊಡ್ಡಕ್ಕ ಕೇಳಿದಳು.

ಇಸ್ತ್ರಿಯವಳು ಕಿಸಕ್ಕನೆ ನಕ್ಕಳು. ಡೈರೆಕ್ಟರು ಕೆಮ್ಮಿದರು.

"ಯಾರ ಅಪ್ಪಣೆ ತಗೊಂಡು ಅಂಟಿಸಿದ್ದು?" ಸಾಹೇಬರು ಕೆಂಪಗಾದರು. "ಮೊದಲು ಮೆಷಿನ್ ಹಾಕಿ! ರಾಶಿ ಬಿದ್ದಿದೆ!"

ಯಾರೂ ಅಲುಗಲಿಲ್ಲ. ಬಾಗಿಲಲ್ಲಿ ಜವಾನ, ಟೈಪಿಸ್ಟು, ಉಗ್ರಾಣದವನು ಬಂದು ನಿಂತಿದ್ದರು. ನಾದಿನಿ ಪೊರಕೆಯನ್ನು ಗೋಡೆಗೊರಗಿಸಿ ಒಳಗೆ ಬಂದಳು.

ದೊಡ್ಡಕ್ಕ ರಾಶಿಯ ಅಂಚಿನಿಂದ ಒಂದು ಚಾದರ ಮೆಲ್ಲಗೆ ಎತ್ತಿ, ಮುದ್ದೆಯಾಗಿಯೇ ಸಾಹೇಬರ ಮುಂದೆ ಹಿಡಿದಳು. "ಹಾಕ್ತೀವಿ ಸಾರ್. ಇದೊಂದು ನೀವು ಹಾಕಿ ತೋರ್ಸಿ. ಕೊಡವಬೇಡಿ. ಬರಿಗೈ."

ಸಾಹೇಬರ ಕೈ ಜೇಬು ಸೇರಿತು. ಅವಳು ಮೇಷ್ಟ್ರ ಕಡೆ ತಿರುಗಿದಳು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಡೈರೆಕ್ಟರು ಗಡಿಯಾರ ನೋಡಿಕೊಂಡರು. ಪಟ್ಟಿ ಕಟ್ಟಿದ ಕೈಯಲ್ಲೂ ಚಾದರವನ್ನು ಹಾಗೇ ಹಿಡಿದು, ಅವಳು ಎಲ್ಲರಿಗೂ ಸಾಕಷ್ಟು ಹೊತ್ತು ಕೊಟ್ಟಳು.

"ಹಂಗಾದ್ರೆ ಈ ಹೆಜ್ಜೆ ಬೇಕು ಅಂತಾಯ್ತು."

ಚಾದರ ಕೆಳಗಿಟ್ಟು, ಸೆರಗಿನ ಗಂಟು ಬಿಚ್ಚಿ, ಕೆಂಪು ಚುಕ್ಕೆಯ ಆ ಹಳೆಯ ಚೀಟಿಯನ್ನು ತೆಗೆದಳು. ಅದರ ಅಂಟು ಎಂದೋ ಹೋಗಿತ್ತು. ಎಡಗೈಯಿಂದ ಗೋಡೆಗೆ ಒತ್ತಿ ಹಿಡಿದು ಅಲ್ಲೇ ನಿಂತಳು. ಯಂತ್ರಗಳು ಸುಮ್ಮನಿದ್ದವು. ಅವಳ ಕೈ ಸೋತಾಗ ನಾದಿನಿ ಬಂದು ತನ್ನ ಕೈ ಇಟ್ಟಳು.